ಫೋನು ಸಾಕೇ, ಬೇರೆ ಜಿಪಿಎಸ್ ಬೇಕೇ?

ವಿಜಯವಾಡದಿಂದ ಗುಂಟೂರಿನ ಕಡೆಗೆ ಹೊರಟು ಕೃಷ್ಣಾ ನದಿ ದಾಟಿದರೆ ಸ್ವಲ್ಪ ಹೊತ್ತಿನಲ್ಲೇ ಮಂಗಳಗಿರಿ ಸಿಗುತ್ತದೆ. ಬೆಟ್ಟದಲ್ಲಿ ಪಾನಕದ ನರಸಿಂಹಸ್ವಾಮಿ, ಕೆಳಗೆ ಕೈಮಗ್ಗದ ಸೀರೆಯ ಅಂಗಡಿಗಳು, ಊರಿನ ಪಕ್ಕದಲ್ಲೇ ಏಮ್ಸ್ ಆಸ್ಪತ್ರೆ. ಆಂಧ್ರಪ್ರದೇಶ ಎರಡಾಗಿ ಅಮರಾವತಿ ರಾಜಧಾನಿಯ ಕೆಲಸ ಶುರುವಾದ ಮೇಲೆ ಈ ಸುತ್ತಿನ ರಸ್ತೆಗಳು ಬದಲಾಗುತ್ತಲೇ ಇವೆ. ವಿಜಯವಾಡದ ಗದ್ದಲಕ್ಕೆ ಸಿಗದೆ ಹಾಯುವ ಪಶ್ಚಿಮ ಬೈಪಾಸ್ ಕೂಡ ಇಲ್ಲೇ ಹತ್ತಿರದಲ್ಲಿ ಹೆದ್ದಾರಿ 16ಕ್ಕೆ ಬಂದು ಸೇರುತ್ತದೆ. ಬೆಂಗಳೂರಿನಿಂದಲೋ ಬಳ್ಳಾರಿಯಿಂದಲೋ ಕಾರಿನಲ್ಲಿ ಹೊರಟು ಇಂಥ ಕಡೆ ದಾರಿ ಹುಡುಕುವವರಿಗೆ ಕಿಸೆಯಲ್ಲಿರುವ ಫೋನಿಗಿಂತ ಒಳ್ಳೆಯ ಸಾಧನವಿಲ್ಲ. ಫೋನಿನ ನಕ್ಷೆ ಸರ್ವರಿನಲ್ಲಿದ್ದು ದಿನದಿನವೂ ತಿದ್ದುಪಡಿಯಾಗುತ್ತದೆ. ಅದೇ ರಸ್ತೆಯಲ್ಲಿ ಓಡುತ್ತಿರುವ ನೂರಾರು ಫೋನುಗಳ ವೇಗ ನೋಡಿ ಎಲ್ಲಿ ದಟ್ಟಣೆಯಿದೆ ಎಂಬುದನ್ನೂ ಅದು ಹೇಳುತ್ತದೆ. ಒಂದೂವರೆ ದಶಕದ ಹಿಂದೆ ಕಾರಿನ ಗಾಜಿಗೆ ಅಂಟಿಸುತ್ತಿದ್ದ ದಾರಿ ತೋರಿಸುವ ಪೆಟ್ಟಿಗೆಗಳಲ್ಲಿ ನಕ್ಷೆ ಮೆಮೊರಿ ಕಾರ್ಡಿನಲ್ಲಿರುತ್ತಿತ್ತು. ಕಾರ್ಡಿನ ನಕ್ಷೆ ಹಳತಾದರೆ ಪೆಟ್ಟಿಗೆಯೂ ಹಳತು. ಅವು ನಮ್ಮ ಕಾರುಗಳಿಂದ ಮರೆಯಾದದ್ದಕ್ಕೆ ಮುಖ್ಯ ಕಾರಣ ಇದು.

ಇದೇ ಮಂಗಳಗಿರಿಯಲ್ಲಿ ಇನ್ನೊಂದು ಉತ್ತರವೂ ಇದೆ. 2024ರ ಅಕ್ಟೋಬರ್ 29ರಂದು ದೇಶದ 11 ಆಸ್ಪತ್ರೆಗಳಲ್ಲಿ ಔಷಧ ಮತ್ತು ಮಾದರಿಗಳನ್ನು ಸಾಗಿಸುವ ಡ್ರೋನ್ ಸೇವೆಗೆ ಚಾಲನೆ ಸಿಕ್ಕಿತು. ಅವುಗಳಲ್ಲಿ ಮಂಗಳಗಿರಿಯ ಏಮ್ಸ್ ಒಂದು. ಡ್ರೋನಿಗೆ ರಸ್ತೆಯ ಹೆಸರು, ಸಿಗ್ನಲ್ಲು, ಹೋಟೆಲು ಯಾವುದೂ ಬೇಡ. ಈ ಕ್ಷಣ ತಾನು ಎಲ್ಲಿದ್ದೇನೆ ಎಂಬುದು ಮಾತ್ರ ತಪ್ಪಿಲ್ಲದೆ, ಎಡೆಬಿಡದೆ ಗೊತ್ತಾಗುತ್ತಿರಬೇಕು. ಅದಕ್ಕಾಗಿಯೇ ಕಟ್ಟಿದ ರಿಸೀವರನ್ನು ಡ್ರೋನು ಬೆನ್ನ ಮೇಲೆ ಹೊತ್ತು ಹಾರುತ್ತದೆ.

ನಾವು ಜಿಪಿಎಸ್ ಎಂದು ಒಂದೇ ಹೆಸರಿನಲ್ಲಿ ಕರೆಯುವುದರಲ್ಲಿ ನಿಜಕ್ಕೂ ಎರಡು ಕೆಲಸಗಳಿವೆ. ನಾನೆಲ್ಲಿದ್ದೇನೆ ಎಂದು ಲೆಕ್ಕ ಹಾಕುವುದು ಒಂದು. ಆ ಜಾಗದ ಸುತ್ತ ಏನಿದೆ ಎಂದು ತೋರಿಸುವುದು ಇನ್ನೊಂದು. ಎರಡನೆಯದರಲ್ಲಿ ಫೋನನ್ನು ಮೀರಿಸುವುದು ಕಷ್ಟ. ಮೊದಲನೆಯದು ಬೇರೆಯೇ ಕಥೆ.

ಅಮೆರಿಕದ ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿವೆ. ಪ್ರತಿಯೊಂದೂ ತನ್ನ ಪರಮಾಣು ಗಡಿಯಾರದ ಸಮಯವನ್ನೂ ತನ್ನ ಜಾಗವನ್ನೂ ರೇಡಿಯೊ ಅಲೆಗಳಲ್ಲಿ ಸಾರುತ್ತಿರುತ್ತದೆ. ಆ ಅಲೆ ನಮ್ಮನ್ನು ಮುಟ್ಟಲು ಹಿಡಿದ ಹೊತ್ತಿನಿಂದ ಉಪಗ್ರಹ ಎಷ್ಟು ದೂರದಲ್ಲಿದೆ ಎಂಬ ಲೆಕ್ಕ ಸಿಗುತ್ತದೆ. ಕನಿಷ್ಠ ನಾಲ್ಕು ಉಪಗ್ರಹಗಳ ದೂರ ಸಿಕ್ಕರೆ ನಮ್ಮ ಜಾಗ, ಎತ್ತರ ಮತ್ತು ನಿಖರ ಸಮಯ ಮೂರೂ ಹೊರಬರುತ್ತವೆ. ಸಮಯದಲ್ಲಿ ಒಂದು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ತಪ್ಪಿದರೆ ದೂರದಲ್ಲಿ 300 ಮೀಟರ್ ತಪ್ಪುತ್ತದೆ. ಈ ಇಡೀ ವ್ಯವಹಾರದಲ್ಲಿ ನಮ್ಮ ಕೈಯ ಸಾಧನ ಮೇಲಕ್ಕೆ ಏನನ್ನೂ ಕಳಿಸುವುದಿಲ್ಲ. ಆಕಾಶವಾಣಿ ಕೇಳುವ ಟ್ರಾನ್ಸಿಸ್ಟರಿನ ಹಾಗೆ ಅದು ಬರೀ ಕೇಳಿಸಿಕೊಳ್ಳುತ್ತದೆ. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಕಡಲಿಗೆ ಹೋದಾಗ ಇದರ ತೂಕ ತಿಳಿಯುತ್ತದೆ.

ನೆಟ್‌ವರ್ಕ್ ಇಲ್ಲದಿದ್ದರೆ ಫೋನಿನ ಜಿಪಿಎಸ್ ಸತ್ತಂತೆ ಎಂದು ಬಹಳ ಮಂದಿ ನಂಬಿದ್ದಾರೆ. ಹಾಗಿಲ್ಲ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣಕ್ಕೆ ಅಪ್ಪಳಿಸಿದಾಗ ವಿದ್ಯುತ್ತು, ಮೊಬೈಲು ಎರಡೂ ಕುಸಿದವು. ನಗರ ದಿನಗಟ್ಟಲೆ ಹೊರಜಗತ್ತಿನಿಂದ ಕಡಿದುಹೋಯಿತು. ಆಗಲೂ ಉಪಗ್ರಹಗಳ ಅಲೆಗಳು ಆ ನಗರದ ಮೇಲೆ ಎಂದಿನಂತೆ ಬೀಳುತ್ತಲೇ ಇದ್ದವು. ಇಂಥ ಹೊತ್ತಿನಲ್ಲಿ ಫೋನಿಗೆ ಇಲ್ಲವಾಗುವುದು ನಕ್ಷೆ ಮತ್ತು ಒಂದು ಸಣ್ಣ ನೆರವು. ಉಪಗ್ರಹಗಳು ಎಲ್ಲಿವೆ ಎಂಬ ಮಾಹಿತಿಯನ್ನು ಫೋನು ಸಾಮಾನ್ಯವಾಗಿ ಇಂಟರ್ನೆಟ್ಟಿನಿಂದ ತಟ್ಟನೆ ತರಿಸಿಕೊಳ್ಳುತ್ತದೆ. ಅದು ಸಿಗದಿದ್ದರೆ ಉಪಗ್ರಹದಿಂದಲೇ ನಿಧಾನವಾಗಿ ಕೇಳಿಕೊಳ್ಳಬೇಕು. ತೆರೆದ ಆಕಾಶದ ಕೆಳಗೆ ಒಂದು ಉಪಗ್ರಹದ ವಿವರಕ್ಕೆ ಅರ್ಧ ನಿಮಿಷ ಬೇಕು, ಎಲ್ಲ ಉಪಗ್ರಹಗಳ ಸ್ಥೂಲ ಪಟ್ಟಿಗೆ ಹನ್ನೆರಡೂವರೆ ನಿಮಿಷ. ಆದ್ದರಿಂದ ಕುದುರೆಮುಖಕ್ಕೋ ಕುಮಾರಪರ್ವತಕ್ಕೋ ಹೋಗುವವರು ಆ ಪ್ರದೇಶದ ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಂಡು, ಬೆಟ್ಟದ ಬುಡದಲ್ಲಿ ಬಯಲಿಗೆ ಬಂದು, ನೀಲಿ ಚುಕ್ಕೆ ಜಾಗಕ್ಕೆ ಬಂದು ನಿಲ್ಲುವವರೆಗೆ ಕಾದು ಹೊರಡುವುದು ಒಳ್ಳೆಯದು.

ಆ ಬೆಟ್ಟಗಳಲ್ಲಿ ಕೈಯಲ್ಲಿ ಹಿಡಿಯುವ ಜಿಪಿಎಸ್ ಸಾಧನ ಇನ್ನೂ ಯಾಕೆ ಬಾಳುತ್ತದೆ ಎಂದರೆ, ಮಳೆಯಲ್ಲಿ ಒದ್ದೆ ಬೆರಳು ಫೋನಿನ ಪರದೆಗೆ ಅರ್ಥವಾಗುವುದಿಲ್ಲ, ಸಾಧನದ ಗುಂಡಿಗಳು ಕೆಲಸ ಮಾಡುತ್ತವೆ. ಅಂಗಡಿಯಲ್ಲಿ ಸಿಗುವ ಎರಡು ಪೆನ್ಸಿಲ್ ಸೆಲ್ಲುಗಳಲ್ಲಿ ಕೆಲವು ಮಾದರಿಗಳು 20 ಗಂಟೆಗೂ ಹೆಚ್ಚು ಓಡುತ್ತವೆ. ಒಳಗಿನ ಆಂಟೆನಾದ ವ್ಯತ್ಯಾಸ ಇನ್ನೂ ದೊಡ್ಡದು. ಫೋನಿನ ತೆಳುವಾದ ಚೌಕಟ್ಟಿನಲ್ಲಿ ಮೊಬೈಲು, ವೈಫೈ, ಬ್ಲೂಟೂತ್ ಎಲ್ಲದರ ನಡುವೆ ಜಿಪಿಎಸ್ಸಿಗೆ ಒಂದು ಚೂರು ಜಾಗ. ಬಂಡೆಗೋ ಕಟ್ಟಡಕ್ಕೋ ಬಡಿದು ಬಂದ ಅಲೆಯನ್ನೂ ನೇರ ಬಂದ ಅಲೆಯನ್ನೂ ಬೇರ್ಪಡಿಸುವುದು ಅದಕ್ಕೆ ಕಷ್ಟ. ಉಪಗ್ರಹದ ಅಲೆ ತಿರುಚಿಕೊಂಡು ಬರುವ ಬಗೆಗೆ ಹೊಂದುವಂತೆ ಮಾಡಿದ ದೊಡ್ಡ ಆಂಟೆನಾ, ಬಡಿದು ಹಿಂದಿರುಗಿದ ಅಲೆಯನ್ನು ಬಹುಮಟ್ಟಿಗೆ ತಳ್ಳಿಹಾಕುತ್ತದೆ. 2018ರಲ್ಲಿ ಬಂದ ಶಿಯೋಮಿಯ ಮಿ 8ರಿಂದ ಫೋನುಗಳೂ ಎರಡು ತರಂಗಾಂತರಗಳಲ್ಲಿ ಕೇಳತೊಡಗಿ ಈ ಅಂತರ ಕಡಿಮೆಯಾಗಿದೆ, ಮುಚ್ಚಿಹೋಗಿಲ್ಲ. ವಿದೇಶದಲ್ಲಿರುವ ಮಕ್ಕಳು ಚಾರಣಕ್ಕೆಂದು ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನವನ್ನು ಉಡುಗೊರೆಯಾಗಿ ತರುವ ಮುಂಚೆ ಒಂದು ವಿಷಯ ತಿಳಿದಿರಬೇಕು. ಸರ್ಕಾರದ ಅನುಮತಿಯಿಲ್ಲದೆ ಅಂಥ ಸಾಧನವನ್ನು ಭಾರತದಲ್ಲಿ ಇಟ್ಟುಕೊಳ್ಳುವುದು ಅಪರಾಧ. ವಿಮಾನ ನಿಲ್ದಾಣಗಳಲ್ಲಿ ಪ್ರವಾಸಿಗರನ್ನು ತಡೆದ ಪ್ರಸಂಗಗಳಿವೆ.

ಹೊಲದ ವಿಷಯಕ್ಕೆ ಬಂದರೆ ನಮ್ಮಲ್ಲಿ ದಿಶಾಂಕ್ ಆ್ಯಪ್ ಇದೆ. ಹೊಲದ ನಡುವೆ ನಿಂತು ಅದನ್ನು ತೆರೆದರೆ ಸರ್ವೆ ನಂಬರ್ ತೋರಿಸುತ್ತದೆ. ಜಮೀನು ಕೊಳ್ಳಲು ಹೋದವರಿಗೆ ಇದು ದೊಡ್ಡ ಅನುಕೂಲ. ಆದರೆ ತೆರೆದ ಬಯಲಿನಲ್ಲಿ ಫೋನಿನ ಲೆಕ್ಕ ಐದು ಮೀಟರ್ ಆಚೀಚೆ ಇರುವುದು ಸಹಜ. ಐದು ಮೀಟರ್ ಎಂದರೆ ಬದುವಿನ ಈಚೆಗಿದ್ದವರು ಆಚೆಗೆ ಹೋದಂತೆ. ದಿಶಾಂಕ್ ತೋರಿಸಿತು ಎಂದು ಪಕ್ಕದ ಹೊಲದವರ ಜೊತೆ ಜಗಳಕ್ಕೆ ನಿಲ್ಲುವುದು ತಪ್ಪು. ಗಡಿಕಲ್ಲು ನೆಡುವ ಕೆಲಸಕ್ಕೆ ಸರ್ವೆಯವರು ಕೋಲಿನ ತುದಿಯಲ್ಲಿ ಹಿಡಿಯುವ ರೋವರ್ ಬೇಕು. ಜಾಗ ನಿಖರವಾಗಿ ಗೊತ್ತಿರುವ ನೆಲದ ಕೇಂದ್ರಗಳಿಂದ ತಿದ್ದುಪಡಿ ಪಡೆದು ಅದು ಸೆಂಟಿಮೀಟರುಗಳ ಮಟ್ಟದಲ್ಲಿ ಅಳೆಯುತ್ತದೆ. ಆಂಧ್ರದಲ್ಲಿ 2020ರ ಡಿಸೆಂಬರ್‌ನಲ್ಲಿ ಶುರುವಾದ ಭೂಮರುಸರ್ವೆಯೂ ಇಂಥ ಕೇಂದ್ರಗಳನ್ನು, ಡ್ರೋನುಗಳನ್ನು ನಂಬಿಯೇ ನಡೆದದ್ದು.

ಇನ್ನು ಕಡಲು. ನನ್ನ ಮಟ್ಟಿಗೆ ಈ ಅಧ್ಯಾಯದ ಜೀವ ಇರುವುದು ಇಲ್ಲೇ.

ಮಲ್ಪೆಯಲ್ಲಾಗಲಿ ವಿಶಾಖಪಟ್ಟಣದ ಮೀನುಗಾರಿಕಾ ಬಂದರಿನಲ್ಲಾಗಲಿ ಆಳಸಮುದ್ರಕ್ಕೆ ಹೋಗುವ ಬೋಟಿನ ಕ್ಯಾಬಿನ್ ನೋಡಿ. ಚಾವಣಿಯ ಮೇಲೆ ಬಿಳಿ ಆಂಟೆನಾ, ಒಳಗೆ ಬೋಟು ನಡೆಸುವ ತಂಡೇಲರ ಮುಂದೆ ಜಿಪಿಎಸ್ ಮತ್ತು ಫಿಶ್ ಫೈಂಡರ್. ತಂಡೇಲರ ಕಿಸೆಯಲ್ಲಿ ಸ್ಮಾರ್ಟ್‌ಫೋನೂ ಇರುತ್ತದೆ. ಆದರೆ ಫೋನಿನ ನಕ್ಷೆಯಲ್ಲಿ ಕಡಲೆಂದರೆ ಬರೀ ನೀಲಿ. ಎಲ್ಲಿ ಎಷ್ಟು ಆಳ, ಎಲ್ಲಿ ಬಂಡೆ, ಎಲ್ಲಿ ಹಳೆಯ ಹಡಗು ಮುಳುಗಿದೆ ಎಂಬುದು ಸಮುದ್ರ ನಕ್ಷೆಯಿರುವ ಸಾಧನಕ್ಕೆ ಗೊತ್ತು. ಅದಕ್ಕೂ ಮಿಗಿಲಾಗಿ, ಬಲೆ ಸಿಕ್ಕಿ ಹರಿದ ಕಲ್ಲುಗಳು, ಒಳ್ಳೆಯ ಮೀನು ಸಿಕ್ಕ ಜಾಗಗಳು ಎಲ್ಲವನ್ನೂ ತಂಡೇಲರು ವರ್ಷಗಳಿಂದ ಆ ಪೆಟ್ಟಿಗೆಯಲ್ಲಿ ಗುರುತು ಹಾಕಿಕೊಂಡು ಬಂದಿರುತ್ತಾರೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಉಪಗ್ರಹ ಚಿತ್ರಗಳಲ್ಲಿ ಕಡಲಿನ ಬಿಸಿ ಮತ್ತು ಬಣ್ಣ ನೋಡಿ ಮೀನು ಸಿಗಬಹುದಾದ ವಲಯಗಳನ್ನು ಪ್ರಕಟಿಸುತ್ತದೆ. ಆ ಮಾಹಿತಿ ಬರುವುದು ಅಕ್ಷಾಂಶ, ರೇಖಾಂಶ, ದಿಕ್ಕು, ದೂರಗಳ ರೂಪದಲ್ಲಿ. ಜಿಪಿಎಸ್ ಇಲ್ಲದ ದೋಣಿಗೆ ಅದರಿಂದ ಉಪಯೋಗ ಕಡಿಮೆ.

ಕಡಲಿನಲ್ಲಿ ಗಡಿಯೂ ಕಾಣುವುದಿಲ್ಲ. 2018ರ ನವೆಂಬರ್‌ನಲ್ಲಿ ಗುಜರಾತಿನ ವೆರಾವಲ್‌ನಿಂದ ಮೀನಿಗೆ ಹೋಗಿದ್ದ ಆಂಧ್ರದ 22 ಮೀನುಗಾರರನ್ನು ಪಾಕಿಸ್ತಾನ ಹಿಡಿದೊಯ್ಯಿತು. ಶ್ರೀಕಾಕುಳಂ, ವಿಜಯನಗರಂ ಜಿಲ್ಲೆಗಳಿಂದ ಕೂಲಿಗೆ ಹೋದವರು ಅವರು. 20 ಮಂದಿ ಊರು ಸೇರಿದ್ದು 2020ರ ಜನವರಿಯಲ್ಲಿ. ನೀರಿನ ಮೇಲಿನ ಒಂದು ಅದೃಶ್ಯ ಗೆರೆಗೆ ಬಡ ಕುಟುಂಬಗಳು ತೆತ್ತದ್ದು ಒಂದು ವರ್ಷಕ್ಕೂ ಹೆಚ್ಚಿನ ಬದುಕು.

ಮಲ್ಪೆಗೆ ಇನ್ನೊಂದು ನೋವು ಗೊತ್ತಿದೆ. 2018ರ ಡಿಸೆಂಬರ್ 13ರಂದು ಅಲ್ಲಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಏಳು ಮೀನುಗಾರರೊಂದಿಗೆ ಕಾಣೆಯಾಯಿತು. ಎರಡೇ ದಿನಗಳಲ್ಲಿ ಸಂಪರ್ಕ ಕಡಿದುಹೋಗಿತ್ತು. ಮೀನುಗಾರರು ಬೀದಿಗಿಳಿದು ಹೋರಾಡಿದರು, ಕೋಸ್ಟ್ ಗಾರ್ಡ್ ಹುಡುಕಿತು, ನೌಕಾಪಡೆ ಹುಡುಕಿತು. ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್‌ಗೆ ಮಹಾರಾಷ್ಟ್ರದ ಮಾಲ್ವಣ್ ಕರಾವಳಿಯಾಚೆ ಅದರ ಅವಶೇಷ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ಜಿಪಿಎಸ್ ರಿಸೀವರ್ ಬರೀ ಕೇಳಿಸಿಕೊಳ್ಳುವ ಸಾಧನ ಎಂದು ಮೇಲೆ ಹೇಳಿದ್ದರ ತೂಕ ಇದು. ಬೋಟು ಎಲ್ಲಿದೆ ಎಂಬುದು ಬೋಟಿನಲ್ಲಿರುವವರಿಗೆ ಗೊತ್ತಿದ್ದರೂ ದಡದಲ್ಲಿರುವ ಒಬ್ಬರಿಗೂ ಅದು ತಿಳಿಯಬೇಕಿಲ್ಲ. ಫೋನು ದಡಕ್ಕೆ ತಿಳಿಸಬಲ್ಲದು, ಆದರೆ ದಡದ ಟವರು ಸಿಗುವ ಹತ್ತು ಹನ್ನೆರಡು ಕಿಲೋಮೀಟರಿನವರೆಗೆ ಮಾತ್ರ. ಆಳಸಮುದ್ರದಲ್ಲಿ ಫೋನಾಗಲಿ ಸಾಮಾನ್ಯ ಜಿಪಿಎಸ್ಸಾಗಲಿ ಕೂಗಿ ಹೇಳಲಾರವು.

ಹಾಗೆ ಕೂಗಿ ಹೇಳುವ ಸಾಧನಗಳಿವೆ, ಅವುಗಳ ಹಿಂದೆ ಬೆಂಗಳೂರಿನ ಕೈಯೂ ಇದೆ. ಅಪಾಯದಲ್ಲಿರುವ ಬೋಟಿನಿಂದ ಗುಂಡಿ ಒತ್ತಿದರೆ ಸಂದೇಶವನ್ನೂ ಜಾಗವನ್ನೂ ಉಪಗ್ರಹಕ್ಕೆ ಕಳಿಸುವ ಡಿಎಟಿ ಎಂಬ ಸಾಧನವನ್ನು ಇಸ್ರೊ ರೂಪಿಸಿತು. 2010ರಿಂದ ಅದು ಬಳಕೆಯಲ್ಲಿದೆ, 20,000ಕ್ಕೂ ಹೆಚ್ಚು ಸಾಧನಗಳು ಮೀನುಗಾರರ ಕೈ ಸೇರಿವೆ. ಅದರ ಕರೆ ಬಂದು ಮುಟ್ಟುವುದು ಬೆಂಗಳೂರಿನ ನಿಯಂತ್ರಣ ಕೇಂದ್ರಕ್ಕೆ, ಅಲ್ಲಿಂದ ಕೋಸ್ಟ್ ಗಾರ್ಡ್‌ಗೆ. ಮೊದಲ ಮಾದರಿಯಲ್ಲಿ ಒಂದು ಕೊರತೆಯಿತ್ತು. ಕರೆ ಮುಟ್ಟಿತೋ ಇಲ್ಲವೋ ಎಂದು ಬೋಟಿನವರಿಗೆ ತಿಳಿಯುತ್ತಿರಲಿಲ್ಲ. ಮುಳುಗುವ ಹೊತ್ತಿನಲ್ಲಿ ಅದು ಸಣ್ಣ ಕೊರತೆಯಲ್ಲ. 2024ರ ಎರಡನೆಯ ತಲೆಮಾರಿನ ಡಿಎಟಿ ಜಿಪಿಎಸ್‌ನಂತೆಯೇ ಜಾಗ ತಿಳಿಸುವ ನಮ್ಮದೇ ನಾವಿಕ್ ಉಪಗ್ರಹಗಳ ಮೂಲಕ ಮರು ಉತ್ತರ ತರುತ್ತದೆ, ಬ್ಲೂಟೂತ್ ಮೂಲಕ ಫೋನಿನ ಪರದೆಯಲ್ಲಿ ತೋರಿಸುತ್ತದೆ.

ನಾವಿಕ್‌ನ ಉಪಗ್ರಹಗಳು ಹಾರುವುದು ಆಂಧ್ರದ ಶ್ರೀಹರಿಕೋಟಾದಿಂದ, ಅವುಗಳ ನ್ಯಾವಿಗೇಶನ್ ಕೇಂದ್ರ ಇರುವುದು ಬೆಂಗಳೂರಿನ ಹೊರಗೆ ಬ್ಯಾಲಾಳುವಿನಲ್ಲಿ. ಮೊದಲ ಉಪಗ್ರಹ ಏರಿದ್ದು 2013ರ ಜುಲೈ 1ರಂದು. ಈ ಉಪಗ್ರಹಗಳ ಹಲವು ಪರಮಾಣು ಗಡಿಯಾರಗಳು ಕೆಟ್ಟಿವೆ. 2025ರ ಜನವರಿಯಲ್ಲಿ ಹಾರಿದ, ಇದೇ ಸಾಲಿನ ಎನ್‌ವಿಎಸ್-02 ತನ್ನ ನಿಗದಿತ ಕಕ್ಷೆ ಸೇರಲಿಲ್ಲ. ಇದನ್ನು ಮುಚ್ಚಿಡಬೇಕಿಲ್ಲ. ಮೀನುಗಾರರ ಪ್ರಾಣ ಇದರ ಮೇಲೆ ನಿಂತಿರುವುದರಿಂದ ಈ ಉಪಗ್ರಹ ಸಮೂಹವನ್ನು ಬೇಗ ಪೂರ್ಣಗೊಳಿಸಿ ಎಂದು ಕೇಳುವ ಹಕ್ಕು ಕರಾವಳಿಗಿದೆ.

2017ರ ಒಖಿ ಚಂಡಮಾರುತದಲ್ಲಿ ದೂರ ಹೋಗಿದ್ದ ಬೋಟುಗಳಿಗೆ ಎಚ್ಚರಿಕೆ ಮುಟ್ಟದೆ ಕೇರಳ, ತಮಿಳುನಾಡಿನ ಬಹಳ ಮೀನುಗಾರರು ಸತ್ತರು. ಅದಾದ ಮೇಲೆ, 2019ರ ಅಕ್ಟೋಬರ್‌ನಲ್ಲಿ, ಜೆಮಿನಿ ಎಂಬ ಪುಟ್ಟ ಪೆಟ್ಟಿಗೆ ಬಂತು. ಬೆಂಗಳೂರಿನ ಅಕಾರ್ಡ್ ಸಂಸ್ಥೆ ತಯಾರಿಸಿದ್ದು. ಇನ್‌ಕಾಯ್ಸ್ ಕಳಿಸುವ ಚಂಡಮಾರುತ, ಅಲೆ, ಸುನಾಮಿಯ ಎಚ್ಚರಿಕೆಗಳನ್ನು ಭಾರತದ ಗಗನ್ ವ್ಯವಸ್ಥೆಯ ಉಪಗ್ರಹಗಳಿಂದ ಹಿಡಿದು, ತಂಡೇಲರ ಫೋನಿಗೆ ಅವರದೇ ಭಾಷೆಯಲ್ಲಿ ಕೊಡುತ್ತದೆ. ನನಗೆ ಈ ವಿನ್ಯಾಸ ಬಹಳ ಮೆಚ್ಚುಗೆಯಾಗಿದೆ. ಫೋನಿಗೆ ಒಳ್ಳೆಯ ಪರದೆಯಿದೆ, ಭಾಷೆಯಿದೆ, ಬಳಸುವವರಿಗೆ ಕೈ ಪಳಗಿದೆ. ಅದಕ್ಕಿಲ್ಲದ್ದು ದಡ ಬಿಟ್ಟಾಗ ಕೇಳುವ ಕಿವಿ. ಅಷ್ಟನ್ನು ಮಾತ್ರ ಪೆಟ್ಟಿಗೆ ಕೊಡುತ್ತದೆ. ಜೆಮಿನಿಗೆ ಕಿವಿಯುಂಟು, ಬಾಯಿಲ್ಲ. ಆ ಕೊರತೆಯನ್ನು ತುಂಬಲು 2024ರ ಆಗಸ್ಟ್ 30ರಂದು ಪಾಲ್ಘರ್‌ನಲ್ಲಿ ಮತ್ತೊಂದು ಯೋಜನೆ ಶುರುವಾಯಿತು. ಒಂದು ಲಕ್ಷ ಮೀನುಗಾರಿಕಾ ದೋಣಿಗಳಿಗೆ ಉಪಗ್ರಹದೊಡನೆ ಎರಡೂ ಕಡೆ ಮಾತಾಡುವ ಟ್ರಾನ್ಸ್‌ಪಾಂಡರುಗಳನ್ನು ಉಚಿತವಾಗಿ ಕೊಡುವ ಯೋಜನೆ. ಅದೂ ಫೋನಿನ ಆ್ಯಪ್ ಜೊತೆ ಸೇರಿ ಕೆಲಸ ಮಾಡುತ್ತದೆ.

ದೊಡ್ಡ ಟ್ರಾಲ್ ಬೋಟುಗಳಿಗೆ ಬ್ಯಾಟರಿಯಿದೆ, ಕ್ಯಾಬಿನ್ ಇದೆ, ಸಾಧನ ಕೊಳ್ಳುವ ಮಾಲೀಕರಿದ್ದಾರೆ. ಔಟ್‌ಬೋರ್ಡ್ ಎಂಜಿನ್ ಕಟ್ಟಿಕೊಂಡು ಹೋಗುವ ನಾಡದೋಣಿಗೆ ಇವು ಯಾವುವೂ ಇಲ್ಲ. ಅಲ್ಲಿರುವುದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಫೋನು ಮಾತ್ರ. ಟ್ರಾನ್ಸ್‌ಪಾಂಡರುಗಳನ್ನು ಹಂಚುವ ಪಟ್ಟಿಯಲ್ಲಿ ಈ ದೋಣಿಗಳು ಮೊದಲು ಬರಬೇಕು. ಮೀನುಗಾರರ ಸಹಕಾರ ಸಂಘಗಳು ಈ ಬೇಡಿಕೆಯನ್ನು ಬರಹದಲ್ಲಿ ಮೀನುಗಾರಿಕೆ ಇಲಾಖೆಗೆ ಕೊಡಬೇಕು. ಅಲ್ಲಿಯವರೆಗೆ ನಾಡದೋಣಿಯವರು ಹೊರಡುವ ಮುಂಚೆ ಫೋನನ್ನು ಪೂರ್ತಿ ಚಾರ್ಜ್ ಮಾಡಿ, ಹೋಗುವ ದಿಕ್ಕನ್ನೂ ಮರಳುವ ಹೊತ್ತನ್ನೂ ದಡದಲ್ಲಿ ಒಬ್ಬರಿಗಾದರೂ ಹೇಳಿ ಹೋಗಬೇಕು. ಕರೆಗಾಗಿ ಕೋಸ್ಟ್ ಗಾರ್ಡ್‌ನ 1554, ಕರಾವಳಿ ಪೊಲೀಸರ 1093 ಎರಡನ್ನೂ ಫೋನಿನಲ್ಲಿ ಉಳಿಸಿಕೊಳ್ಳಬೇಕು.