ಬಿಆರ್‌ಡಿ, ಎಸ್‌ಆರ್‌ಎಸ್, ಯೂಸರ್ ಸ್ಟೋರಿ: ಯಾವುದು ಯಾರ ಪ್ರಶ್ನೆಗೆ ಉತ್ತರ?

ವಿಡಿಯೋದಲ್ಲಿ ಮಾತಾಡಿದ್ದನ್ನೇ ಇಲ್ಲಿ ಸ್ವಲ್ಪ ಒಪ್ಪವಾಗಿ ಬರೆದಿದ್ದೇನೆ.

ಕೆಲವು ವರ್ಷದ ಹಿಂದೆ, ದೀಪಾವಳಿ ವಾರ. ಪುಣೆಯ ಆಫೀಸಿನಲ್ಲಿ ರಾತ್ರಿ ಎರಡು ಗಂಟೆಗೆ ನಾವು ಆರು ಜನ ಒಂದು ಸಾಲಿನ ಮೇಲೆ ಜಗಳ ಆಡ್ತಾ ಕೂತಿದ್ವಿ. "ರಿಪೋರ್ಟನ್ನು ಎಕ್ಸೆಲ್‌ಗೆ ಡೌನ್‌ಲೋಡ್ ಮಾಡುವಂತಿರಬೇಕು." ಇಷ್ಟೇ ಆ ಸಾಲು. ನಾವು ಮಾಡಿದ್ವಿ, ಟೆಸ್ಟೂ ಆಯ್ತು. ಕ್ಲೈಂಟ್ ಮೂರು ವರ್ಷದ ಡೇಟಾ ಒಟ್ಟಿಗೆ ಕೇಳಿದ ದಿನ ಸರ್ವರ್ ಮಲಗಿಬಿಡ್ತು. ಎಕ್ಸೆಲ್‌ನ ಒಂದು ಶೀಟಿನಲ್ಲಿ 10,48,576 ಸಾಲಿಗಿಂತ ಹೆಚ್ಚು ಹಿಡಿಸೋದೇ ಇಲ್ಲ! ಎಷ್ಟು ಸಾಲು, ಎಷ್ಟು ಹೊತ್ತಿನಲ್ಲಿ ಅಂತ ಯಾರೂ ಕೇಳಿರಲಿಲ್ಲ. ಹುಬ್ಬಳ್ಳಿ ಬಸ್ಸಿನ ಟಿಕೆಟ್ ಕ್ಯಾನ್ಸಲ್ ಮಾಡಿ ಹಬ್ಬಕ್ಕೂ ಅಲ್ಲೇ ಕೂತೆ.

ಅವತ್ತು ಕಲಿತದ್ದು ಇದು: ಪ್ರತಿ ರಿಕ್ವೈರ್‌ಮೆಂಟ್ ಡಾಕ್ಯುಮೆಂಟ್ ಯಾರೋ ಒಬ್ಬರ ಒಂದು ಪ್ರಶ್ನೆಗೆ ಉತ್ತರ. ಬಸ್ ಟಿಕೆಟ್ ಬುಕಿಂಗ್ ಆ್ಯಪ್ ಒಂದನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಬಿಆರ್‌ಡಿ: "ಯಾಕೆ?" ಇದು ದುಡ್ಡು ಹಾಕುವವರ ಪ್ರಶ್ನೆ. ಫೋನ್ ಬುಕಿಂಗ್ ಕಡಿಮೆ ಆಗಬೇಕು, ಬಸ್ಸು ಖಾಲಿ ಹೋಗಬಾರದು. ಇಲ್ಲಿ ಡೇಟಾಬೇಸ್ ಮಾತು ಬರಬಾರದು.

ಎಸ್‌ಆರ್‌ಎಸ್: "ಸಾಫ್ಟ್‌ವೇರ್ ಏನು ಮಾಡಬೇಕು?" ಇದು ಡೆವಲಪರ್, ಟೆಸ್ಟರ್ ಇಬ್ಬರದೂ ಪ್ರಶ್ನೆ. ಸೀಟು ಆರಿಸಿದ ಮೇಲೆ 10 ನಿಮಿಷ ಅದನ್ನು ಬೇರೆಯವರಿಗೆ ಕೊಡಬಾರದು. ಅಷ್ಟರಲ್ಲಿ ದುಡ್ಡು ಬರದಿದ್ದರೆ ಬಿಟ್ಟುಕೊಡಬೇಕು. ಕೆಲವು ಕಂಪನಿಗಳಲ್ಲಿ ಈ ಭಾಗವನ್ನೇ ಎಫ್‌ಆರ್‌ಎಸ್ ಅಂತ ಬೇರೆ ಬರೀತಾರೆ. ಕಾಲೇಜಿನಲ್ಲಿ ಓದಿದ ಐಇಇಇ 830 ನೆನಪಿದೆಯಾ? ಅದರ 1998ರ ಆವೃತ್ತಿಯ ಜಾಗಕ್ಕೆ 2011ರಲ್ಲಿ 29148 ಅನ್ನೋ ಸ್ಟ್ಯಾಂಡರ್ಡ್ ಬಂತು, 2018ರಲ್ಲಿ ಪರಿಷ್ಕರಣೆಯೂ ಆಯ್ತು. ಹಳೇ ಟೆಂಪ್ಲೇಟ್ ಮಾತ್ರ ಇನ್ನೂ ಓಡಾಡ್ತಿದೆ.

ಎನ್‌ಎಫ್‌ಆರ್: "ಎಷ್ಟು ಚೆನ್ನಾಗಿ?" ಇದು ಎಸ್‌ಆರ್‌ಎಸ್ ಒಳಗೇ ಇರಬಹುದು, ಬೇರೆಯೂ ಇರಬಹುದು. "ಆ್ಯಪ್ ಫಾಸ್ಟ್ ಆಗಿರಬೇಕು" ಅಂದ್ರೆ ಅದು ಆಸೆ. "ಒಂದೇ ಸಲ 5,000 ಜನ ಹುಡುಕಿದರೂ 3 ಸೆಕೆಂಡಿನಲ್ಲಿ ಸೀಟು ಕಾಣಬೇಕು" ಅಂದ್ರೆ ರಿಕ್ವೈರ್‌ಮೆಂಟ್. ನನ್ನ ಹಬ್ಬ ತಿಂದಿದ್ದು ಇಲ್ಲದೇ ಇದ್ದ ಇಂಥದ್ದೇ ಒಂದು ಸಾಲು.

ಇಂಟರ್‌ಫೇಸ್ ಸ್ಪೆಸಿಫಿಕೇಶನ್: "ಎರಡು ಸಿಸ್ಟಮ್ ಮಾತಾಡೋದು ಹೇಗೆ?" ಕೆಲವು ಪೇಮೆಂಟ್ ಗೇಟ್‌ವೇಗಳು ಮೊತ್ತವನ್ನು ಪೈಸೆಯಲ್ಲಿ ಕೇಳ್ತವೆ. ನೀವು ರೂಪಾಯಿ ಅಂದುಕೊಂಡು 950 ಕಳಿಸಿದರೆ ಗ್ರಾಹಕರಿಗೆ ಒಂಬತ್ತೂವರೆ ರೂಪಾಯಿಗೆ ಟಿಕೆಟ್!

ಇದರ ದೊಡ್ಡ ಪಾಠ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್. ನೆಲದ ಮೇಲಿನ ಒಂದು ಸಾಫ್ಟ್‌ವೇರ್ ನ್ಯೂಟನ್-ಸೆಕೆಂಡ್ ಲೆಕ್ಕ ಕೊಡಬೇಕಿತ್ತು, ಪೌಂಡ್-ಸೆಕೆಂಡ್ ಲೆಕ್ಕ ಕೊಟ್ಟಿತು. ವ್ಯತ್ಯಾಸ ಸುಮಾರು 4.45 ಪಟ್ಟು. ಮಂಗಳದಿಂದ ಸುಮಾರು 226 ಕಿ.ಮೀ. ಎತ್ತರದಲ್ಲಿ ಹೋಗಬೇಕಿದ್ದ ನೌಕೆ ಸುಮಾರು 57 ಕಿ.ಮೀ.ಗೆ ಇಳಿದು, 1999ರ ಸೆಪ್ಟೆಂಬರ್ 23ರಂದು ಕೈತಪ್ಪಿತು. ತಮಾಷೆ ಅಲ್ಲ, ಯಾವ ಯೂನಿಟ್ ಅಂತ ಡಾಕ್ಯುಮೆಂಟ್‌ನಲ್ಲಿ ಸ್ಪಷ್ಟವಾಗಿ ಬರೆದಿತ್ತು! ಸಾಫ್ಟ್‌ವೇರ್ ಅದರಂತೆ ಇದೆಯಾ ಅಂತ ಸರಿಯಾಗಿ ಪರೀಕ್ಷಿಸಿರಲಿಲ್ಲ, ಅಷ್ಟೇ.

ಅದಕ್ಕೇ ಆರ್‌ಟಿಎಂ ಬೇಕು: "ಬರೆದಿದ್ದು ಆಯ್ತಾ?" ಒಂದು ಕಡೆ ರಿಕ್ವೈರ್‌ಮೆಂಟ್ ನಂಬರ್, ಎದುರಿಗೆ ಅದನ್ನು ಪರೀಕ್ಷಿಸುವ ಟೆಸ್ಟ್ ಕೇಸ್. ಎದುರಿನ ಕೋಷ್ಟಕ ಖಾಲಿ ಇದ್ದರೆ ಅಲ್ಲೇ ಅಪಾಯ.

"ನಮ್ಮದು ಅಜೈಲ್, ಇದೆಲ್ಲ ಬೇಡ" ಅನ್ನೋರು ಇದ್ದಾರೆ. ಯೂಸರ್ ಸ್ಟೋರಿ ಅಂದ್ರೆ ಬರೀ ಎರಡು ಸಾಲಿನ ಜಿರಾ ಟಿಕೆಟ್ ಅಲ್ಲ. ರಾನ್ ಜೆಫ್ರಿಸ್ 2001ರಲ್ಲೇ ಅದಕ್ಕೆ ಮೂರು ಭಾಗ ಹೇಳಿದ್ದರು: ಕಾರ್ಡ್, ಮಾತುಕತೆ, ಖಚಿತಪಡಿಸಿಕೊಳ್ಳುವುದು. ನಾವು ಕಾರ್ಡ್ ಇಟ್ಟುಕೊಂಡು ಮಿಕ್ಕ ಎರಡನ್ನು ಬಿಟ್ಟುಬಿಡ್ತೀವಿ. ಅಕ್ಸೆಪ್ಟೆನ್ಸ್ ಕ್ರೈಟೀರಿಯಾ ಬರೆಯೋದು ಆ ಮೂರನೆಯದಕ್ಕೇ. ಪ್ರಶ್ನೆಗಳು ಅವೇ, ಬರೆಯುವ ಜಾಗ ಮಾತ್ರ ಬೇರೆ.

ಹೊಸ ಪ್ರಾಜೆಕ್ಟಿಗೆ ಸೇರಿದಾಗ ಎಲ್ಲ ಓದಿ ಮುಗಿಸೋಕೆ ಆಗಲ್ಲ, ಗೊತ್ತು. ನಿಮ್ಮ ಪಾಲಿಗೆ ಬಂದ ಐದು ಸಾಲು ತೆಗೆದುಕೊಳ್ಳಿ. ಒಂದೊಂದಕ್ಕೂ ಕೇಳಿ: ಇದು ಯಾರಿಗೆ ಬೇಕು? ಎಷ್ಟು? ಆಯ್ತು ಅಂತ ಹೇಗೆ ಗೊತ್ತಾಗುತ್ತೆ? ಉತ್ತರ ಸಿಗದಿದ್ದರೆ ಅವತ್ತೇ ಮೇಲ್ ಹಾಕಿ. ಮೀಟಿಂಗಲ್ಲಿ "ಇಷ್ಟೂ ಗೊತ್ತಿಲ್ವಾ" ಅಂತಾರೇನೋ ಅಂತ ಸುಮ್ಮನಿರಬೇಡಿ. ನಾನು ಹಾಗೇ ಸುಮ್ಮನಿದ್ದೆ. ಹಬ್ಬದ ಬಸ್ಸು ನನ್ನ ಬಿಟ್ಟು ಹೋಯ್ತು.

ಮುಂದಿನ ಮಾತಿನಲ್ಲಿ ಸಿಗೋಣ.