ಹುಲಿಯ ಲೆಕ್ಕಕ್ಕೆ ಸಾಕ್ಷಿ ಯಾವುದು?

ಕಾಡಿನಲ್ಲಿ ಹುಲಿಗಳೆಷ್ಟು ಎಂಬ ಪ್ರಶ್ನೆಗೆ ನಮ್ಮ ದೇಶದಲ್ಲಿ ಬಹುಕಾಲ ಒಂದೇ ಬಗೆಯ ಉತ್ತರ ದೊರೆಯುತ್ತಿತ್ತು: ಒಂದೂ ಹೆಚ್ಚಿಲ್ಲದ, ಒಂದೂ ಕಡಿಮೆಯಿಲ್ಲದ ಖಚಿತ ಸಂಖ್ಯೆ. 1972ರ ಗಣತಿಯಲ್ಲಿ ಅದು 1,827. ಅರಣ್ಯ ಸಿಬ್ಬಂದಿ ಕಾಡು ಸುತ್ತಿ, ಹೆಜ್ಜೆಗುರುತುಗಳ ನಕಲು ತೆಗೆದು, ಇದು ಈ ಹುಲಿಯದು, ಅದು ಆ ಹುಲಿಯದು ಎಂದು ವಿಂಗಡಿಸಿ ಕೂಡಿಸುತ್ತಿದ್ದ ಲೆಕ್ಕವದು. ಈ ಲೆಕ್ಕವನ್ನು ಕಟಕಟೆಯಲ್ಲಿ ನಿಲ್ಲಿಸಿ ಪಾಟೀಸವಾಲಿಗೆ ಒಳಪಡಿಸಿದವರಲ್ಲಿ ಪ್ರಮುಖರು ಡಾ. ಕೆ. ಉಲ್ಲಾಸ ಕಾರಂತರು.

ಕಾಸರಗೋಡಿನವರಾದ ನಮಗೆ ಅವರು ದೂರದವರಲ್ಲ; ಗಡಿಯಾಚೆಯ ಪುತ್ತೂರಿನವರು, ಶಿವರಾಮ ಕಾರಂತರ ಮಗ. ಸುರತ್ಕಲ್ಲಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, ಕೃಷಿಯನ್ನೂ ಮಾಡಿ, ನಲವತ್ತರ ಹತ್ತಿರದಲ್ಲಿ ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದಿಂದ ವನ್ಯಜೀವಿ ವಿಜ್ಞಾನದ ಸ್ನಾತಕೋತ್ತರ ಪದವಿ ಪಡೆದರು. ಡಾಕ್ಟರೇಟ್ ಮಂಗಳೂರು ವಿಶ್ವವಿದ್ಯಾಲಯದ್ದು. ಹತ್ತನೆಯ ತರಗತಿ ಮುಗಿಯುವುದರೊಳಗೆ ಮಕ್ಕಳ ದಾರಿ ನಿಶ್ಚಯವಾಗಬೇಕೆಂದು ಚಡಪಡಿಸುವ ಹೆತ್ತವರು ಈ ವಿವರವನ್ನು ಗಮನಿಸಬಹುದು.

ಹೆಜ್ಜೆಗುರುತಿನ ದೋಷವೇನು? ಒಂದೇ ಪಾದ ಕೆಸರಿನಲ್ಲಿ ಒಂದು ಆಕಾರ, ಧೂಳಿನಲ್ಲಿ ಇನ್ನೊಂದು ಆಕಾರ ಮೂಡಿಸುತ್ತದೆ. ಕೆಲವೇ ಹುಲಿಗಳ ಗುರುತುಗಳ ಹಲವು ನಕಲುಗಳನ್ನು ಕಾರಂತರು ಅನುಭವಿಗಳ ಮುಂದಿಟ್ಟು ಪರೀಕ್ಷಿಸಿದಾಗ ಯಾರಿಗೂ ನಿಜ ಸಂಖ್ಯೆ ದಕ್ಕಲಿಲ್ಲ. ಇದಕ್ಕಿಂತ ಮೂಲಭೂತವಾದ ಇನ್ನೊಂದು ದೋಷವಿತ್ತು. ಕಣ್ಣಿಗೆ ಬೀಳದೆ ಉಳಿದ ಹುಲಿಗಳೆಷ್ಟು ಎಂಬ ಪ್ರಶ್ನೆಯನ್ನೇ ಆ ಪದ್ಧತಿ ಕೇಳುತ್ತಿರಲಿಲ್ಲ.

ಕಾಣದ್ದನ್ನು ಎಣಿಸುವ ಗಣಿತ ಹಳೆಯದು. ನಮ್ಮ ಶಾಲೆಯ ಮಕ್ಕಳಿಗೂ ಎಟುಕುವಂಥದು. ಒಂದು ಕೆರೆಯಲ್ಲಿ 40 ಮೀನು ಹಿಡಿದು, ಗುರುತು ಹಾಕಿ ಬಿಟ್ಟೆವೆನ್ನಿ. ಮತ್ತೊಮ್ಮೆ ಬಲೆ ಬೀಸಿದಾಗ ಸಿಕ್ಕ 30ರಲ್ಲಿ 12ಕ್ಕೆ ಗುರುತಿದೆ. ಅಂದರೆ ಗುರುತಿನವು ಐದರಲ್ಲಿ ಎರಡು ಪಾಲು. ಆ 40 ಮೀನುಗಳೇ ಇಡೀ ಕೆರೆಯ ಐದರಲ್ಲಿ ಎರಡು ಪಾಲಾದರೆ ಕೆರೆಯಲ್ಲಿರುವುದು ಸುಮಾರು 100. ಹುಲಿಯನ್ನು ಹಿಡಿದು ಗುರುತು ಹಾಕುವ ಕಷ್ಟವೇ ಇಲ್ಲ. ಪ್ರಕೃತಿಯೇ ಪಟ್ಟೆಗಳನ್ನು ಬರೆದಿದೆ. ಒಂದರ ಪಟ್ಟೆ ಇನ್ನೊಂದಕ್ಕಿಲ್ಲ. ಎಡಮೈಯ ಪಟ್ಟೆ ಬಲಮೈಗೂ ಹೊಂದದು. ಆದ್ದರಿಂದ ಕಾಡುದಾರಿಯ ಎರಡೂ ಬದಿಗೆ ಎದುರುಬದುರಾಗಿ ಕ್ಯಾಮೆರಾಗಳನ್ನು ಕಟ್ಟಬೇಕು. ಹುಲಿ ನಡುವೆ ಹಾದಾಗ ಅವು ತಾವಾಗಿಯೇ ಚಿತ್ರ ತೆಗೆಯುತ್ತವೆ. ನಾಗರಹೊಳೆಯಲ್ಲಿ ಈ ವಿಧಾನವನ್ನು ಪ್ರಯೋಗಿಸಿ ಕಾರಂತರು 1995ರಲ್ಲಿ ಪ್ರಬಂಧ ಪ್ರಕಟಿಸಿದರು. ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಜೇಮ್ಸ್ ನಿಕೋಲ್ಸ್ ಅವರೊಡಗೂಡಿ 1998ರಲ್ಲಿ ಅದನ್ನು ಭಾರತದ ಬೇರೆ ಕಾಡುಗಳಿಗೂ ವಿಸ್ತರಿಸಿದರು. ಅವರ ಉತ್ತರ ಒಂಟಿ ಸಂಖ್ಯೆಯಲ್ಲ. ಇಷ್ಟು, ಜೊತೆಗೆ ತಪ್ಪಿರಬಹುದಾದ ಅಳತೆ ಇಷ್ಟು. ತನ್ನ ಸಂದೇಹವನ್ನು ತಾನೇ ನುಡಿಯುವ ಸಾಕ್ಷಿಯನ್ನು ವಕೀಲನಾದ ನಾನು ಹೆಚ್ಚು ನಂಬುತ್ತೇನೆ.

ಸಂದೇಹವಿಲ್ಲದ ಲೆಕ್ಕದ ಗತಿ ರಾಜಸ್ಥಾನದ ಸರಿಸ್ಕಾದಲ್ಲಿ ಬಯಲಾಯಿತು. 2004ರ ದಾಖಲೆಯಲ್ಲಿ ಹತ್ತಕ್ಕೂ ಹೆಚ್ಚು ಹುಲಿಗಳಿದ್ದವು. 2005ರ ಹೊತ್ತಿಗೆ ಕಾಡಿನಲ್ಲಿ ಒಂದೂ ಇರಲಿಲ್ಲ. ಕಳ್ಳಬೇಟೆಗಾರರು ಮುಗಿಸಿಬಿಟ್ಟಿದ್ದರು. ಆ ಬಳಿಕ ಸರ್ಕಾರ ಹೆಜ್ಜೆಗುರುತಿನ ಗಣತಿಯನ್ನು ಕೈಬಿಟ್ಟು, ಕ್ಯಾಮೆರಾಗಳನ್ನೂ ಒಳಗೊಂಡ ಹೊಸ ಅಂದಾಜಿಗೆ ತೊಡಗಿತು. 2008ರಲ್ಲಿ ಹೊರಬಿದ್ದ ಸಂಖ್ಯೆ 1,411. ಕಾರಂತರು ಈ ಹೊಸ ಪದ್ಧತಿಯ ಕೆಲವು ಅಂಶಗಳನ್ನೂ ಒಪ್ಪಲಿಲ್ಲ, ವಾದ ಮುಂದುವರಿಯಿತು. ವಿಜ್ಞಾನದಲ್ಲಿ ಮೇಲ್ಮನವಿಗೆ ಕಾಲಮಿತಿಯಿಲ್ಲ.

ನಾಗರಹೊಳೆಯ ದೀರ್ಘಕಾಲದ ಅಧ್ಯಯನದ ಫಲ ಗಡಿನಾಡಿನವರು ತಿಳಿಯಬೇಕಾದದ್ದು. ಸುಮಾರು ಒಂಬತ್ತು ವರ್ಷಗಳಲ್ಲಿ 74 ಹುಲಿಗಳನ್ನು ಪಟ್ಟೆಯಿಂದ ಗುರುತಿಸಲಾಯಿತು. ವರ್ಷಕ್ಕೆ ನೂರಕ್ಕೆ ಸುಮಾರು 23ರಂತೆ ಹುಲಿಗಳು ಸತ್ತೋ ವಲಸೆ ಹೋಗಿಯೋ ಮರೆಯಾಗುತ್ತಿದ್ದರೂ ಸಂತತಿ ಕುಸಿಯಲಿಲ್ಲ. ಕಾಡಿನಲ್ಲಿ ಜಿಂಕೆ, ಕಡವೆ, ಕಾಟಿಗಳು ಸಾಕಷ್ಟಿದ್ದವು. ಹೀಗೆ ಹೊರಬೀಳುವ ಹುಲಿಗಳಿಗೆ ರಾಜ್ಯದ ಗಡಿ ತಿಳಿಯದು. ನಾಗರಹೊಳೆ, ಬಂಡೀಪುರ, ಮುದುಮಲೆ, ವಯನಾಡು ಒಂದೇ ಕಾಡಿನ ನಾಲ್ಕು ಹೆಸರುಗಳು. ವಯನಾಡಿನ ಊರಿನೊಳಗೆ ಹುಲಿ ನುಗ್ಗಿದಾಗ ಅದು ಯಾವ ಕಡೆಯದೆಂದು ವಾಗ್ವಾದ ಮಾಡುವ ಬದಲು, ಹಳೆಯ ಚಿತ್ರಗಳೊಡನೆ ಪಟ್ಟೆಯನ್ನು ಹೋಲಿಸಿ ನೋಡಬಹುದು.

ವೃತ್ತಿಯ ಕಾರಣದಿಂದಲೋ ಏನೋ, ನನ್ನನ್ನು ಹೆಚ್ಚು ಸೆಳೆದದ್ದು 2009ರ ಒಂದು ಪ್ರಬಂಧ. ಕಾರಂತರೂ ಸಹಲೇಖಕರಾಗಿರುವ ಅದರಲ್ಲಿ, ಜೀವಂತ ಹುಲಿಯ ಚಿತ್ರವನ್ನು ಸುಲಿದ ಚರ್ಮದ ಪಟ್ಟೆಯೊಡನೆ ಕಂಪ್ಯೂಟರಿನಿಂದ ಹೋಲಿಸುವ ವಿಧಾನವಿದೆ. ವಶಪಡಿಸಿಕೊಂಡ ಚರ್ಮ ಎಲ್ಲಿಯದೆಂದು ಆರೋಪಿ ಬಾಯಿಬಿಡದಿದ್ದರೂ, ಆ ಹುಲಿ ಎಂದೋ ಕ್ಯಾಮೆರಾದ ಮುಂದೆ ಹಾದಿದ್ದರೆ, ಅದು ಯಾವ ಕಾಡಿನ ಯಾವ ದಾರಿಯಲ್ಲಿ ಯಾವ ದಿನ ನಡೆದಿತ್ತೆಂಬುದನ್ನು ಚರ್ಮವೇ ಹೇಳಬಲ್ಲದು.