ಎರೆಹೊಲಕ್ಕೆ ಜೋಡಿ ಸವಾರಿ

ಎಳ್ಳಮಾವಾಸ್ಯೆಯ ಬೆಳಿಗ್ಗೆ ವಿಜಯಪುರ ಜಿಲ್ಲೆಯ ಯಾವುದೇ ಹಳ್ಳಿಯ ಅಗಸಿಯಲ್ಲಿ ಅರ್ಧ ತಾಸು ನಿಂತು ನೋಡಿ. ಒಂದರ ಹಿಂದೊಂದು ಮೋಟಾರು ಸೈಕಲ್ಲುಗಳು ಊರು ಬಿಟ್ಟು ಹೊಲದ ಹಾದಿ ಹಿಡಿಯುತ್ತವೆ. ಮುಂದೆ ಗಂಡ, ಹಿಂದೆ ಇಳಕಲ್ಲ ಸೀರೆಯುಟ್ಟ ಹೆಂಡತಿ, ಆಕೆಯ ತೊಡೆಯ ಮೇಲೆ ಬಿಳಿ ಅರಿವೆ ಮುಚ್ಚಿದ ಬುಟ್ಟಿ. ಬುಟ್ಟಿಯೊಳಗೆ ಸಜ್ಜೆ ಕಡುಬು, ಶೇಂಗಾ ಹೋಳಿಗೆ, ಪುಂಡಿ ಪಲ್ಯ, ಎಣಗಾಯಿ, ಕಡಕ್ ರೊಟ್ಟಿ. ಗಾಡಿಯ ಬದಿಗೆ ನೀರಿನ ಕೊಡ. ಊರು ದಾಟಿದ ಸ್ವಲ್ಪ ಹೊತ್ತಿಗೆ ಡಾಂಬರು ಮುಗಿಯುತ್ತದೆ. ಅಲ್ಲಿಂದ ಮುಂದೆ ಬದು, ಹಳ್ಳ, ಕಪ್ಪು ಎರೆ.

ಹೊಲ ಮುಟ್ಟಿದ ಮೇಲೆ ಬನ್ನಿಗಿಡದ ಬುಡದಲ್ಲಿ ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸುತ್ತಾರೆ. ತಂದ ಅಡುಗೆಯಲ್ಲಿ ಒಂದು ಪಾಲನ್ನು ಬೆಳೆಯ ನಡುವೆ ಚೆಲ್ಲುತ್ತಾರೆ. ಇದಕ್ಕೆ ‘ಚರಗ ಚೆಲ್ಲುವುದು’ ಎಂದು ಹೆಸರು. ಭೂತಾಯಿಗೆ ಕೊಟ್ಟ ಮೇಲೆಯೇ ಮನುಷ್ಯರ ಊಟ.

ದೊಡ್ಡ ನಗರಗಳಲ್ಲಿ ದಂಪತಿಗಳು ದುಬಾರಿ ಮೋಟಾರು ಸೈಕಲ್ಲಿಗೆ ಡೇರೆ ಕಟ್ಟಿಕೊಂಡು ರಸ್ತೆಯಿಲ್ಲದ ಕಡೆ ಹೋಗಿ ಬರುವುದು ಈಗ ಹವ್ಯಾಸವಾಗಿದೆ. ಅದಕ್ಕೆ ‘ಆಫ್‌ರೋಡ್’ ಎಂದೂ ‘ಕ್ಯಾಂಪಿಂಗ್’ ಎಂದೂ ಹೆಸರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಎರೆಸೀಮೆಯಲ್ಲಿ ಇದು ಹವ್ಯಾಸವೇನಲ್ಲ, ಬದುಕಿನ ಭಾಗ. ರಾತ್ರಿ ಹೊರಗೆ ಉಳಿಯುವುದಕ್ಕೆ ಇಲ್ಲಿಯ ಮಾತು ‘ವಸ್ತಿ’. ರಾತ್ರಿ ಹಳ್ಳಿಯಲ್ಲಿ ತಂಗಿ ಬೆಳಿಗ್ಗೆ ಹೊರಡುವ ಬಸ್ಸು ಕೂಡ ‘ವಸ್ತಿ ಬಸ್ಸು’. ಆದರೆ ಹವ್ಯಾಸವಿರಲಿ, ಬದುಕಿರಲಿ, ಇಂಥ ಪ್ರಯಾಣದ ಮಾತು ಬಂದಾಗಲೆಲ್ಲ ಗಾಡಿ ಓಡಿಸುವವನ ಸುದ್ದಿಯೇ ಹೆಚ್ಚು. ಹಿಂದೆ ಕೂತವರ ಪಾಲೇನು?

ರಾವುತನ ಕುದುರೆ

ಒಂದೇ ವಾಹನದ ಮೇಲೆ ಗಂಡ ಹೆಂಡತಿ ಹೋಗುವ ಚಿತ್ರ ಈ ನಾಡಿಗೆ ಹೊಸದಲ್ಲ. ಹಿಂದೆ ಸಿಂದಗಿ ತಾಲ್ಲೂಕಿನಲ್ಲಿದ್ದು ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ ದೇವರ ಹಿಪ್ಪರಗಿಯಲ್ಲಿ ರಾವುತರಾಯ ಮಲ್ಲಯ್ಯನ ಗುಡಿಯಿದೆ. ‘ರಾವುತ’ ಎಂದರೆ ಕುದುರೆ ಸವಾರ. ಕರ್ನಾಟಕದಲ್ಲಿ ಮೈಲಾರನೆಂದೂ ಮಹಾರಾಷ್ಟ್ರದಲ್ಲಿ ಖಂಡೋಬನೆಂದೂ ಪೂಜೆಗೊಳ್ಳುವ ದೇವರ ಪರಂಪರೆಗೆ ಸೇರಿದವನು ಈತ. ಈ ದೇವರನ್ನು ಅನೇಕ ಮೂರ್ತಿಗಳಲ್ಲಿ, ಪಟಗಳಲ್ಲಿ ಮಡದಿಯೊಡನೆ ಒಂದೇ ಕುದುರೆಯ ಮೇಲೆ ತೋರಿಸುತ್ತಾರೆ. ಆಕೆ ನಮ್ಮಲ್ಲಿ ಗಂಗಿಮಾಳವ್ವ, ಭೀಮೆಯ ಆಚೆ ಮ್ಹಾಳಸಾ. ಕೆಲವು ಚಿತ್ರಗಳಲ್ಲಿ ಆಕೆಯ ಕೈಯಲ್ಲಿಯೂ ಈಟಿ ಇರುತ್ತದೆ. ಕುದುರೆಯ ಕೆಳಗೆ ಬಿದ್ದ ರಕ್ಕಸನಿಗೆ ಇರಿಯುವುದರಲ್ಲಿ ಆಕೆಯೂ ಪಾಲುಗಾರಳು. ಜೊತೆಗೆ ಕೂತವಳು ಬರೀ ಭಾರವೆಂದು ಆ ಚಿತ್ರ ಬರೆದವರು ತಿಳಿದಿರಲಿಲ್ಲ.

ಚಕ್ಕಡಿ ಕಲಿಸಿದ್ದು

ಕುದುರೆ ದೇವರಿಗೆ ಮತ್ತು ಉಳ್ಳವರಿಗೆ. ಒಕ್ಕಲಿಗನ ಮನೆಗೆ ಇದ್ದದ್ದು ಚಕ್ಕಡಿ. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಮನೆಮಂದಿಯೆಲ್ಲ ಚಕ್ಕಡಿ ಕಟ್ಟಿಕೊಂಡು ದಿನಗಟ್ಟಲೆ ಹೋಗಿ ಬರುತ್ತಿದ್ದರು. ಹೊತ್ತು ಮುಳುಗಿದಲ್ಲಿ ಎತ್ತು ಬಿಚ್ಚಿ, ಮೂರು ಕಲ್ಲು ಹೂಡಿ, ಅಂಬಲಿ ಕಾಯಿಸಿ, ಗಾಡಿಯ ಕೆಳಗೆ ಮಲಗುವುದೇ ವಸ್ತಿ. ವಾರಗಟ್ಟಲೆ ಕೆಡದ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಒಣ ಖಾರ ಇವೆಲ್ಲ ಇಂಥ ಪಯಣಕ್ಕೆ ಹೇಳಿ ಮಾಡಿಸಿದ ಬುತ್ತಿ. ಯಾವ ಊರಿನ ಬಾವಿಯ ನೀರು ಸಿಹಿ, ಯಾವುದು ಸವಳು ಎಂಬ ಲೆಕ್ಕ ಹೆಂಗಸರ ತಲೆಯಲ್ಲಿ ಇರುತ್ತಿತ್ತು.

ಚಕ್ಕಡಿ ಇನ್ನೊಂದು ಪಾಠವನ್ನೂ ಕಲಿಸಿತ್ತು. ಎರಡು ಗಾಲಿಯ ಬಂಡಿಯಲ್ಲಿ ಹೇರು ಮುಂದಕ್ಕೆ ಸರಿದರೆ ಎತ್ತಿನ ಹೆಗಲು ಕುಸಿಯುತ್ತದೆ. ಹಿಂದಕ್ಕೆ ಸರಿದರೆ ನೊಗ ಮೇಲೇಳುತ್ತದೆ. ‘ಮುಂಭಾರ’, ‘ಹಿಂಭಾರ’ ಎಂಬ ಈ ಮಾತುಗಳು ಮೋಟಾರು ಸೈಕಲ್ಲಿಗೂ ಹಾಗೆಯೇ ಹೊಂದುತ್ತವೆ. ಹಿಂದಿನ ಗಾಲಿಯ ಅಚ್ಚಿಗಿಂತ ಹಿಂದೆ ಭಾರ ಕಟ್ಟಿದರೆ ಮುಂದಿನ ಗಾಲಿ ಹಗುರಾಗುತ್ತದೆ, ಹ್ಯಾಂಡಲ್ಲು ಮಾತು ಕೇಳುವುದಿಲ್ಲ. ಹಳ್ಳದ ದಂಡೆ ಏರುವಾಗ ಇದು ಅಪಾಯ. ಆದ್ದರಿಂದ ಭಾರವಾದ ಸಾಮಾನು ಕೆಳಗೆ ಮತ್ತು ಗಾಡಿಯ ನಡುಭಾಗದ ಹತ್ತಿರ ಇರಬೇಕು, ಹಗುರಾದದ್ದು ಮಾತ್ರ ಮೇಲೆ ಮತ್ತು ಹಿಂದೆ. ಡೇರೆ ಕಟ್ಟಿಕೊಂಡು ಹೊರಡುವ ಪೇಟೆಯ ಸವಾರರಿಗೆ ತರಬೇತುದಾರರು ಹೇಳಿಕೊಡುವ ಮೊದಲ ಪಾಠಗಳಲ್ಲಿ ಇದೂ ಒಂದು.

ಚಕ್ಕಡಿಯ ಜಾಗಕ್ಕೆ ಯಂತ್ರ ಬಂದದ್ದು ನಿಧಾನವಾಗಿ. ಮದರಾಸಿನಲ್ಲಿ 1955ರಿಂದ ಬುಲೆಟ್ ಜೋಡಣೆಯಾಗತೊಡಗಿತು. 1961ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಜಾವಾ ಹೊರಬಂತು. ಮುಂದೆ ಯೆಜ್ಡಿ ಎಂಬ ಹೆಸರಿನಲ್ಲಿ ಮನೆಮಾತಾದ ಈ ಗಾಡಿಗಳನ್ನು ತಯಾರಿಸುತ್ತಿದ್ದ ಕಾರ್ಖಾನೆ 1996ರಲ್ಲಿ ಮುಚ್ಚಿತು. ಹಳ್ಳಿಯ ಕೆಟ್ಟ ರಸ್ತೆಗೆ ರಾಜದೂತ್ ಹೆಸರಾಯಿತು. 1980ರಲ್ಲಿ ಇಬ್ಬರು ಕೂರಬಲ್ಲ ಟಿವಿಎಸ್ 50 ಮೊಪೆಡ್ ಬಂತು. 1985ರಲ್ಲಿ ಕಡಿಮೆ ಪೆಟ್ರೋಲಿನಲ್ಲಿ ಹೆಚ್ಚು ದೂರ ಓಡುವ ಹೀರೋ ಹೋಂಡಾ ಸಿಡಿ 100 ಬಂತು. ಸಣ್ಣ ರೈತನ ಮನೆಯಂಗಳಕ್ಕೆ ಗಾಡಿ ಕಾಲಿಟ್ಟದ್ದು ಇವುಗಳಿಂದಲೇ ಎನ್ನಬಹುದು. 2023ರ ಜೂನ್ ತಿಂಗಳಲ್ಲಿ ಶಕ್ತಿ ಯೋಜನೆ ಆರಂಭವಾದ ಮೇಲೆ ಜಾತ್ರೆಗೆ ಹೋಗುವ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸು ಉಚಿತವಾಯಿತು. ಆದರೆ ಬಸ್ಸು ಹೊಲಕ್ಕೆ ಹೋಗುವುದಿಲ್ಲ. ಅಲ್ಲಿಗೆ ಈಗಲೂ ಗಂಡನ ಗಾಡಿಯ ಹಿಂದಿನ ಸೀಟೇ ಗತಿ.

ಎರೆಯ ಗುಣ

ಎರೆಯಲ್ಲಿ ಗಾಡಿ ಓಡಿಸುವುದು ಮರಳಿನಲ್ಲಿ ಓಡಿಸಿದಂತಲ್ಲ, ಮಸಾರಿಯಲ್ಲಿ ಓಡಿಸಿದಂತೆಯೂ ಅಲ್ಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖಣದ ಮೇಲೆ ಹರಿದ ಲಾವಾ ಗಟ್ಟಿಯಾಗಿ, ಆ ಕರಿಗಲ್ಲು ಸವೆದು ಆದ ಮಣ್ಣಿದು. ಇದರಲ್ಲಿರುವ ಜಿಗುಟು ಜೇಡಿಯ ಕಣಗಳು ನೀರು ಕುಡಿದು ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಮುಂಗಾರಿನಲ್ಲಿ ಕುಡಿದ ನೀರನ್ನು ಹಿಡಿದಿಟ್ಟುಕೊಳ್ಳುವ ಈ ಗುಣದಿಂದಲೇ ಹಿಂಗಾರಿ ಬಿಳಿಜೋಳ ಮಳೆಯಿಲ್ಲದ ಚಳಿಗಾಲದಲ್ಲಿಯೂ ತೆನೆ ಕಟ್ಟುತ್ತದೆ. ಡೋಣಿ ನದಿಯ ದಂಡೆಯ ಎರೆ ಒಮ್ಮೆ ಒಲಿದರೆ ಓಣಿಗೆಲ್ಲ ಜೋಳವಾಗುತ್ತದೆ ಎಂದು ಹಿರಿಯರು ಹೇಳುವುದು ಇದಕ್ಕೇ.

ಜೋಳಕ್ಕೆ ವರವಾದ ಗುಣ ಗಾಲಿಗೆ ಶಾಪ. ಹಸಿ ಎರೆ ಟೈರಿಗೆ ಮೆತ್ತಿಕೊಂಡು ಮಡ್‌ಗಾರ್ಡಿನ ಸಂದಿಯಲ್ಲಿ ತುಂಬುತ್ತದೆ. ಕೆಲವು ಮಾರು ಹೋಗುವಷ್ಟರಲ್ಲಿ ಗಾಲಿ ತಿರುಗುವುದೇ ನಿಲ್ಲುತ್ತದೆ. ಆಗ ಎಂಜಿನ್ ಎಷ್ಟು ಕೂಗಿದರೂ ಫಲವಿಲ್ಲ. ಇಳಿದು ಜಾಲಿಯ ಕಟ್ಟಿಗೆಯಿಂದ ಮಣ್ಣು ಕೆತ್ತಬೇಕು. ಬೇಸಿಗೆಯಲ್ಲಿ ಅದೇ ನೆಲ ಬಾಯಿ ಬಿಡುತ್ತದೆ. ಹೊಲದ ಅಡ್ಡಕ್ಕೆ ಬಿದ್ದ ಬಿರುಕನ್ನು ದಾಟಬಹುದು. ಹಾದಿಯುದ್ದಕ್ಕೂ ಸೀಳಿದ ಬಿರುಕಿನಲ್ಲಿ ಗಾಲಿ ಇಳಿದರೆ ಗಾಡಿ ವಾಲುವುದು ಖಂಡಿತ. ಇವೆರಡರ ನಡುವಿನ ಹಿತವಾದ ಕಾಲ ದೀಪಾವಳಿಯಿಂದ ಶಿವರಾತ್ರಿಯವರೆಗೆ. ಎಳ್ಳಮಾವಾಸ್ಯೆ ಬರುವುದೂ ಆಗಲೇ. ಹಾಲುಗಾಳಿನ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು ತಿನ್ನುವ ಸೀತನಿಯ ಹೊತ್ತೂ, ಹಕ್ಕಿ ಕಾಯುವ ಮತ್ತು ಕಣದ ವಸ್ತಿಗಳೂ ಹೆಚ್ಚು ಕಡಿಮೆ ಅದೇ ಸುಮಾರಿಗೆ.

ಹಿಂದೆ ಕೂತವರ ಕೆಲಸ ಗೊತ್ತಾಗುವುದು ಇಂಥ ನೆಲದ ಮೇಲೆಯೇ. ರಾಡಿ ಕಂಡ ಕೂಡಲೇ ಇಳಿಯುವವರು ಅವರು. ಸೀರೆ ಎತ್ತಿ ಕಟ್ಟಿ, ಬುಟ್ಟಿ ತಲೆಯ ಮೇಲಿಟ್ಟು, ಗಟ್ಟಿ ನೆಲ ಎಲ್ಲಿದೆ ಎಂದು ಕಾಲಿನಿಂದ ನೋಡಿ ಹೇಳುವವರು ಅವರು. ಗಾಡಿ ಹೂತರೆ ನೂಕುವವರೂ ಅವರೇ. ಜಗತ್ತಿನ ಬೇರೆಡೆಯ ಕತೆಯೂ ಇದಕ್ಕಿಂತ ಭಿನ್ನವಲ್ಲ. 1934ರ ಡಿಸೆಂಬರಿನಲ್ಲಿ ಥೆರೇಸಾ ವಾಲಕ್ ಮತ್ತು ಫ್ಲಾರೆನ್ಸ್ ಬ್ಲೆಂಕಿರನ್ ಎಂಬ ಇಬ್ಬರು ಯುವತಿಯರು 600 ಸಿಸಿಯ ಪ್ಯಾಂಥರ್ ಮೋಟಾರು ಸೈಕಲ್ಲಿಗೆ ಸೈಡ್‌ಕಾರ್ ಮತ್ತು ಸಾಮಾನಿನ ಗಾಡಿ ಜೋಡಿಸಿಕೊಂಡು ಲಂಡನ್ನಿನಿಂದ ಹೊರಟರು. ಸಹಾರಾ ದಾಟಿ 1935ರ ಜುಲೈಯಲ್ಲಿ ಕೇಪ್‌ಟೌನ್ ಮುಟ್ಟಿದರು. ಅಂಥ ಹಾದಿಯಲ್ಲಿ ಓಡಿಸುವ ಕೈ ಎಷ್ಟು ಮುಖ್ಯವೋ ಇಳಿದು ನೂಕುವ ಕೈಯೂ ಅಷ್ಟೇ ಮುಖ್ಯ.

ಸೆರಗು ಮತ್ತು ಗಾಲಿ

ಆದರೂ ಹೆಚ್ಚು ಅಪಾಯ ಹಿಂದೆ ಕೂತವರಿಗೇ. ಗಾಡಿ ಓಡಿಸುವವನಿಗೆ ಮುಂದಿನ ತೆಗ್ಗು ಕಾಣುತ್ತದೆ, ಹಿಡಿಯಲು ಹ್ಯಾಂಡಲ್ಲು ಇರುತ್ತದೆ. ಹಿಂದಿನವರಿಗೆ ತೆಗ್ಗು ತಿಳಿಯುವುದು ಏಟು ಬಿದ್ದ ಮೇಲೆ. ಸೀರೆಯುಟ್ಟು ಎರಡೂ ಕಾಲು ಎಡಕ್ಕೆ ಹಾಕಿ ಕೂತರೆ ಮೊಣಕಾಲಿನಿಂದ ಸೀಟನ್ನು ಅವುಚಿ ಹಿಡಿಯಲಾಗದು. ಭಾರವೂ ಒಂದು ಬದಿಗೆ ವಾಲುತ್ತದೆ. ಒಂದು ಕೈಯಲ್ಲಿ ಬುಟ್ಟಿ ಇದ್ದರೆ ಉಳಿಯುವುದು ಒಂದೇ ಕೈ.

ಕಾನೂನು ಇದನ್ನು ಗಮನಿಸಿಲ್ಲವೆಂದಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮದಂತೆ ಪ್ರತಿ ಮೋಟಾರು ಸೈಕಲ್ಲಿನಲ್ಲಿ ಹಿಂದೆ ಕೂತವರಿಗೆ ಹಿಡಿಕೆ, ಕಾಲಿಡುವ ಮೆಟ್ಟು ಇರಬೇಕು. ಅವರ ಬಟ್ಟೆ ಗಾಲಿಗೆ ಸಿಕ್ಕಿಕೊಳ್ಳದಂತೆ ಹಿಂದಿನ ಗಾಲಿಯ ಅರ್ಧ ಭಾಗವನ್ನಾದರೂ ಮುಚ್ಚುವ ರಕ್ಷೆಯೂ ಇರಬೇಕು. ಜನ ಇದನ್ನು ಸೀರೆ ಗಾರ್ಡ್ ಎನ್ನುತ್ತಾರೆ. ಅಂದಕ್ಕೆ ಅಡ್ಡಿಯೆಂದೋ ರಾಡಿ ತುಂಬುತ್ತದೆಂದೋ ಅದನ್ನು ಬಿಚ್ಚಿ ಅಟ್ಟದ ಮೇಲಿಡುವವರಿದ್ದಾರೆ. ರಾಡಿಯನ್ನು ಕೆತ್ತಿ ತೆಗೆಯಬಹುದು. ಸೆರಗು ಗಾಲಿಗೆ ಸುತ್ತಿಕೊಂಡರೆ ಕೂಗುವಷ್ಟು ಸಮಯವೂ ಸಿಗುವುದಿಲ್ಲ.

1988ರ ಮೋಟಾರು ವಾಹನ ಕಾಯ್ದೆಯ 128ನೆಯ ಕಲಮಿನ ಪ್ರಕಾರ ಹಿಂದೆ ಒಬ್ಬರೇ ಕೂರಬೇಕು. ಹಬ್ಬದ ದಿನ ಟ್ಯಾಂಕಿನ ಮೇಲೆ ಒಂದು, ನಡುವೆ ಒಂದು ಮಗುವನ್ನು ಕೂರಿಸಿಕೊಂಡು ಹೋಗುವವರು ಇದನ್ನು ನೆನೆಯುವುದಿಲ್ಲ. 129ನೆಯ ಕಲಮು ಹೆಲ್ಮೆಟ್ಟಿನ ವಿಷಯದಲ್ಲಿ ಮುಂದಿನವರು ಹಿಂದಿನವರು ಎಂಬ ಭೇದ ಮಾಡುವುದಿಲ್ಲ. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ ಮಾಡಿದ್ದು 2016ರ ಜನವರಿಯಲ್ಲಿ. ಆದರೆ ಹೊಲಕ್ಕೆ ಹೋಗುವ ಹಾದಿಯಲ್ಲಿ ಗಂಡನ ತಲೆಯ ಮೇಲೆ ಹೆಲ್ಮೆಟ್ ಕಂಡರೂ ಹೆಂಡತಿಯ ತಲೆಯ ಮೇಲೆ ಕಾಣುವುದು ಸೆರಗು ಮಾತ್ರ. ಊರ ಹಾದಿ, ಪೊಲೀಸರಿಲ್ಲ ಎಂಬುದು ಎಲ್ಲರ ಸಮಾಧಾನ. ಹಳ್ಳದ ಕಲ್ಲಿಗೆ ಆ ಸಮಾಧಾನ ತಿಳಿಯದು.

ಹಿಂದಿನ ಸೀಟಿಗೆ ಇಂಗ್ಲಿಷಿನಲ್ಲಿರುವ ‘ಪಿಲಿಯನ್’ ಎಂಬ ಶಬ್ದದ ಮೂಲ ಅರ್ಥ ಮೆತ್ತೆ. ಹಿಂದೆ ಕುದುರೆ ಸವಾರನ ಬೆನ್ನಿಗೆ ಹೆಂಗಸರು ಕೂರಲು ಹಾಕುತ್ತಿದ್ದ ಮೆತ್ತೆಯೇ ಮುಂದೆ ಮೋಟಾರು ಸೈಕಲ್ಲಿಗೂ ಬಂತು. ಕನ್ನಡದ ಪತ್ರಿಕೆಗಳು ಮಾತ್ರ ಹಿಂದೆ ಕೂತವರನ್ನು ‘ಹಿಂಬದಿ ಸವಾರ’ ಎನ್ನುತ್ತವೆ. ಈ ಮಾತಿನಲ್ಲಿ ಮುಂದೆ ಇದ್ದವರೂ ಸವಾರರು, ಹಿಂದೆ ಇದ್ದವರೂ ಸವಾರರು. ಬರುವ ಎಳ್ಳಮಾವಾಸ್ಯೆಗೆ ಬುತ್ತಿ ಕಟ್ಟುವ ಮನೆಗಳು ಹೊರಡುವ ಮುನ್ನ ಒಮ್ಮೆ ಹಿಂದಿನ ಗಾಲಿಯ ಕಡೆ ನೋಡಬೇಕು, ಗೂಟಕ್ಕೆ ಇನ್ನೊಂದು ಹೆಲ್ಮೆಟ್ ತೂಗುಹಾಕಬೇಕು. ಚರಗ ಚೆಲ್ಲಿದ ಮೇಲೆ ಇಬ್ಬರೂ ಕೂಡಿ ಮನೆಗೆ ಮರಳುವುದೂ ಹಬ್ಬದ ಭಾಗವೇ ತಾನೇ?